ಓದುಗರ ಪ್ರಶ್ನೋತ್ತರ: ಕರೆಯುವುದು, ಕೂಡಿಸಿಕೊಳ್ಳುವುದು

ಅಂಗವೈಕಲ್ಯವಿರುವವರು ಮನೆ, ನೆಂಟಸ್ತನ, ಊರು ಮತ್ತು ಸಂಘಗಳ ನಡುವೆ ಬದುಕುವಾಗ ಎದುರಾಗುವ ಪ್ರಶ್ನೆಗಳನ್ನು ಬರೆದು ಕಳುಹಿಸುವಂತೆ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಸರ್ಕಾರಿ ಸೌಲಭ್ಯಗಳ ಬಗ್ಗೆ ವಿಚಾರಿಸಿದವರಿಗಿಂತ, ನಮ್ಮವರ ನಡುವೆಯೇ ನಾವೇಕೆ ಹೊರಗಿನವರಾಗಿ ಉಳಿದಿದ್ದೇವೆ ಎಂದು ಕೇಳಿದವರೇ ಹೆಚ್ಚು. ಅವುಗಳಲ್ಲಿ ಆರು ಪತ್ರಗಳನ್ನು ಇಲ್ಲಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು, ಊರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ಮಾತು ಸ್ವಲ್ಪ ತೊದಲಿದರೂ ನಮಗೆ ಅರ್ಥವಾಗುತ್ತದೆ; ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನೆ; ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು ಅವನೇ. ಮುಂದಿನ ತಿಂಗಳು ನಮ್ಮ ಭಾವನವರ ಮಗಳ ಮದುವೆ. ‘ಗಂಡಿನ ಕಡೆಯವರು ಏನಾದರೂ ಅಂದುಕೊಂಡಾರು, ಅವನನ್ನು ನಿನ್ನ ತವರಿನಲ್ಲಿ ಬಿಟ್ಟು ಬಾ’ ಎಂದು ಅಕ್ಕ ಹೇಳಿದ್ದಾರೆ. ಅವರು ಕೆಟ್ಟವರಲ್ಲ, ಹಬ್ಬಕ್ಕೆ ನನ್ನ ಮಗನಿಗೂ ಬಟ್ಟೆ ತರುತ್ತಾರೆ. ಸುಮ್ಮನೆ ಬಿಟ್ಟು ಹೋಗಲೇ? ಅಥವಾ ನಾನೂ ಹೋಗದೆ ಇರಲೇ? — ದಾವಣಗೆರೆ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಬಿಟ್ಟು ಹೋಗಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಗೆಂದು ಮದುವೆಯ ದಿನ ನೇರವಾಗಿ ಕರೆದುಕೊಂಡು ಹೋಗಿ ಅಲ್ಲಿ ಮುಖ ಮುರಿದುಕೊಳ್ಳುವುದೂ ಬೇಡ. ಇನ್ನೂ ಒಂದು ತಿಂಗಳಿದೆ. ಆಡಬೇಕಾದ ಮಾತನ್ನು ಈಗಲೇ ಆಡಿ. ನೀವೊಬ್ಬರೇ ಅಕ್ಕನವರೊಂದಿಗೆ ಮಾತನಾಡುವುದಕ್ಕಿಂತ ನಿಮ್ಮ ಯಜಮಾನರು ತಮ್ಮ ಅಣ್ಣನೊಂದಿಗೆ ಮಾತನಾಡುವುದು ಒಳ್ಳೆಯದು, ಏಕೆಂದರೆ ಮಗನ ವಿಷಯ ಬಂದಾಗಲೆಲ್ಲ ತಾಯಿಯೇ ಬೇಡಿಕೊಳ್ಳುವವಳಾಗುವುದು ನಮ್ಮ ಮನೆಗಳಲ್ಲಿ ನಡೆದುಕೊಂಡು ಬಂದಿದೆ.

ಅಕ್ಕನವರ ಮಾತಿನ ಹಿಂದಿರುವ ಭಯ ಯಾವುದೆಂದು ಊಹಿಸುವುದು ಕಷ್ಟವಲ್ಲ. ಈ ಮನೆತನದಲ್ಲಿ ಇಂಥದ್ದಿದೆ, ನಾಳೆ ನಮ್ಮ ಸೊಸೆಯ ಹೊಟ್ಟೆಯಲ್ಲೂ ಹೀಗೇ ಆದರೆ ಎಂದು ಬೀಗರು ಯೋಚಿಸಿಯಾರು ಎಂಬ ಭಯ ಅದು. ಈ ಭಯಕ್ಕೆ ಬಹುಮಟ್ಟಿಗೆ ಆಧಾರವಿಲ್ಲ. ದೇಹದ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. ಸುಮಾರು ಶೇ 95ರಷ್ಟು ಮಕ್ಕಳಲ್ಲಿ ಇದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆಗುವ ವ್ಯತ್ಯಾಸವೇ ಹೊರತು ಮನೆತನದಲ್ಲಿ ಹರಿದು ಬಂದದ್ದಲ್ಲ. ತಂದೆ ಅಥವಾ ತಾಯಿಯಿಂದ ಬರಬಹುದಾದ ಒಂದು ಬಗೆಯೂ ಉಂಟು, ಆದರೆ ಅದು ತೀರಾ ಕಡಿಮೆ. ಯಾವ ಬಗೆಯದೆಂದು ರಕ್ತದ ವರ್ಣತಂತು ಪರೀಕ್ಷೆಯಿಂದ ತಿಳಿಯುತ್ತದೆ. ನಿಮ್ಮ ಮಗ ಚಿಕ್ಕವನಿದ್ದಾಗಲೇ ಈ ಪರೀಕ್ಷೆ ಮಾಡಿಸಿರುವ ಸಾಧ್ಯತೆ ಇದೆ, ಹಳೆಯ ಕಾಗದಗಳಲ್ಲಿ ಹುಡುಕಿ ನೋಡಿ. ಒಬ್ಬ ಹುಡುಗ ತನ್ನ ದೊಡ್ಡಪ್ಪನ ಮಗಳ ಮದುವೆಗೆ ಬರಲು ಲ್ಯಾಬ್ ರಿಪೋರ್ಟ್ ಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ. ಭಾವನವರ ಮನಸ್ಸಿಗೆ ಧೈರ್ಯ ಬರಲಿ, ಬೀಗರು ಕೇಳಿದರೆ ಅವರೇ ಅಂಜದೆ ಉತ್ತರಿಸಲಿ ಎಂಬಷ್ಟಕ್ಕೆ ಮಾತ್ರ ಇದನ್ನು ತಿಳಿಸುತ್ತಿದ್ದೇನೆ.

ಇದಕ್ಕಿಂತ ಮುಖ್ಯವಾದದ್ದು ನೀವು ನಡುವೆ ಬರೆದುಹೋಗಿರುವ ಡೈರಿಯ ವಿಷಯ. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ, ಹಾಲು ಅಳೆಯುವವರೆಗೆ ಕಾದು, ಪುಸ್ತಕದಲ್ಲಿ ಬರೆಸಿಕೊಂಡು ಬರುವ ಹುಡುಗನನ್ನು ಊರಿನವರು ಈಗಾಗಲೇ ತಮ್ಮವನೆಂದು ಎಣಿಸಿದ್ದಾರೆ. ಅವನು ಎರಡು ದಿನ ಕಾಣದಿದ್ದರೆ ಕಾರ್ಯದರ್ಶಿಯಾದಿಯಾಗಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅಲ್ಲಿ ಅವನಿಗೆ ಅಂಥ ಜಾಗ ಸಿಕ್ಕಿದ್ದು ಅವನ ಮೇಲಿನ ಮರುಕದಿಂದಲ್ಲ, ಅವನ ಕೈಯಲ್ಲಿ ಒಂದು ಕೆಲಸ ಇರುವುದರಿಂದ. ಮದುವೆ ಮನೆಯಲ್ಲಿ ಅವನಿಗೆ ಇಲ್ಲದಿರುವುದು ಇದೇ. ಹಬ್ಬಕ್ಕೆ ಬಟ್ಟೆ ತರುವ ಅಕ್ಕನವರ ಪ್ರೀತಿ ನಿಜವಾದದ್ದು, ಆದರೆ ಆ ಪ್ರೀತಿಯಲ್ಲಿ ಅವನು ಯಾವಾಗಲೂ ಪಡೆಯುವವನಾಗಿಯೇ ಉಳಿಯುತ್ತಾನೆ.

ಆದ್ದರಿಂದ ಭಾವನವರ ಬಳಿ ‘ಇವನನ್ನೂ ಕರೆತರಬಹುದೇ’ ಎಂದು ಅನುಮತಿ ಕೇಳಬೇಡಿ. ‘ಇವನಿಗೆ ಯಾವ ಕೆಲಸ ವಹಿಸುತ್ತೀರಿ’ ಎಂದು ಕೇಳಿ. ಬಾಗಿಲಲ್ಲಿ ಪನ್ನೀರು ಚಿಮುಕಿಸುವುದು, ಧಾರೆಗೆ ಮೊದಲು ಅಕ್ಷತೆ ಹಂಚುವುದು, ಪಂಕ್ತಿಯಲ್ಲಿ ಎಲೆ ಹಾಕುವುದು, ಊಟ ಮುಗಿಸಿ ಹೊರಡುವವರಿಗೆ ತಾಂಬೂಲದ ಚೀಲ ಕೊಡುವುದು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ತಾಂಬೂಲ ಕೊಡುವ ಕೆಲಸ ನನಗೆ ವಿಶೇಷವಾಗಿ ಹಿಡಿಸುತ್ತದೆ. ಅಲ್ಲಿ ಗಡಿಬಿಡಿ ಇಲ್ಲ, ಮಾತು ಹೆಚ್ಚು ಬೇಕಿಲ್ಲ, ಬಂದವರೆಲ್ಲರೂ, ಗಂಡಿನ ಕಡೆಯವರೂ ಸೇರಿ, ಅವನ ಎದುರು ಒಂದು ಗಳಿಗೆ ನಿಂತು ಅವನ ಕೈಯಿಂದ ಚೀಲ ಪಡೆದೇ ಹೋಗಬೇಕು. ಜೊತೆಗೆ ಅವನದೇ ವಯಸ್ಸಿನ ಒಬ್ಬ ಅಣ್ಣನೋ ತಮ್ಮನೋ ಇರಲಿ. ಬ್ಯಾಂಡಿನ ಸದ್ದು, ಜನಜಂಗುಳಿ ಅವನಿಗೆ ಹೆಚ್ಚೆನಿಸಿದರೆ ಹೋಗಿ ಕುಳಿತುಕೊಳ್ಳಲು ಛತ್ರದ ಒಂದು ಕೋಣೆಯನ್ನು ಮೊದಲೇ ತೋರಿಸಿಡಿ.

ಇಷ್ಟೆಲ್ಲ ಮಾಡುವ ಮೊದಲು ಅವನನ್ನೇ ಕೇಳಿ. ಹದಿನೇಳು ವರ್ಷದ ಹುಡುಗನಿಗೆ ಮದುವೆಗೆ ಹೋಗಲು ಇಷ್ಟವೋ ಇಲ್ಲವೋ ಎಂಬುದನ್ನು ಅವನ ಬಾಯಿಂದಲೇ ಕೇಳಬೇಕಾದ್ದು ನ್ಯಾಯ. ನಿಮ್ಮ ಪತ್ರದಲ್ಲಿ ಅದೊಂದು ಕಾಣಲಿಲ್ಲ. ಒಂದು ವೇಳೆ ಭಾವನವರು ಏನು ಮಾಡಿದರೂ ಒಪ್ಪದಿದ್ದರೆ, ನಿಮ್ಮ ಯಜಮಾನರೊಬ್ಬರೇ ಧಾರೆಗೆ ಹೋಗಿ ಬರಲಿ, ಮತ್ತು ಯಾರಾದರೂ ವಿಚಾರಿಸಿದರೆ ಇದ್ದ ಕಾರಣವನ್ನೇ ಹೇಳಲಿ. ‘ಹುಷಾರಿಲ್ಲ, ಅದಕ್ಕೆ ಬರಲಿಲ್ಲ’ ಎಂದು ಮುಚ್ಚಿಟ್ಟರೆ ಮುಂದಿನ ಮದುವೆಗೂ ಅದೇ ಮಾತು ಬರುತ್ತದೆ, ಅವನು ಬಾರದಿರುವುದೇ ಎಲ್ಲರಿಗೂ ರೂಢಿಯಾಗುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಬೇಕು. ಅವನಿಗೆ ಹದಿನೆಂಟು ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ಅವನು ವಯಸ್ಕ, ತಂದೆತಾಯಿಯೆಂಬ ಕಾರಣಕ್ಕೆ ನೀವು ತಾನಾಗಿಯೇ ಅವನ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ, ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಕಾನೂನುಬದ್ಧ ಪೋಷಕತ್ವ ಪಡೆಯಬಹುದು. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಆರೋಗ್ಯ ವಿಮೆಯೂ ಇದೆ. ಪೋಷಕತ್ವ ಬಂದಿತೆಂದು ಅವನ ಎಲ್ಲ ತೀರ್ಮಾನಗಳನ್ನೂ ನೀವೇ ಮಾಡಬೇಕಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸೀಮಿತ ಪೋಷಕತ್ವದ ಬಗ್ಗೆ ಮಾತನಾಡುವಾಗ, ಆ ವ್ಯಕ್ತಿಯೊಂದಿಗೆ ಸಮಾಲೋಚಿಸಿ ಕೂಡಿ ನಿರ್ಧರಿಸುವುದನ್ನೇ ಬಯಸುತ್ತದೆ. ಡೈರಿಯ ಹಣ ಬಟವಾಡೆಯಾದಾಗ ಅದರಲ್ಲಿ ಸ್ವಲ್ಪವನ್ನು ಅವನ ಕೈಗೆ ಕೊಟ್ಟು, ಏನು ಕೊಳ್ಳಬೇಕೆಂದು ಅವನೇ ಆರಿಸಲು ಬಿಡುವುದರಿಂದ ಇದನ್ನು ಮನೆಯಲ್ಲೇ ಆರಂಭಿಸಬಹುದು.

ಪ್ರಶ್ನೆ: ಒಂಬತ್ತು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದೇನೆ. ಮೊದಲು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದೆ. ಊರಿನ ಸಮುದಾಯ ಭವನಕ್ಕೆ ನಾಲ್ಕು ಮೆಟ್ಟಿಲು, ವೇದಿಕೆಗೆ ಮತ್ತೆ ಮೂರು. ರ‍್ಯಾಂಪ್ ಮಾಡಿಸಿ ಎಂದು ಪಂಚಾಯಿತಿಯಲ್ಲಿ ಕೇಳಿದರೆ, ‘ನಾಲ್ಕು ಹುಡುಗರು ನಿಮ್ಮನ್ನು ಎತ್ತಿ ಕೂರಿಸುತ್ತಾರಲ್ಲ, ಒಬ್ಬರಿಗಾಗಿ ಖರ್ಚೇಕೆ’ ಎನ್ನುತ್ತಾರೆ. ಎತ್ತಿಸಿಕೊಂಡು ಹೋಗಲು ನನಗೆ ಮನಸ್ಸಿಲ್ಲ. ಇದು ನನ್ನ ಹಟವೇ? — ಉತ್ತರ ಕನ್ನಡ ಜಿಲ್ಲೆಯ ಒಬ್ಬ ಓದುಗರು

ಉತ್ತರ: ಹಟವಲ್ಲ. ಎತ್ತಿಸಿಕೊಳ್ಳುವವನು ಬರಬೇಕಾದದ್ದೂ ಹೋಗಬೇಕಾದದ್ದೂ ಎತ್ತುವವರ ಬಿಡುವು ನೋಡಿಕೊಂಡು. ಪ್ರಸಂಗದ ನಡುವೆ ಶೌಚಕ್ಕೆ ಹೋಗಬೇಕೆಂದರೂ ನಾಲ್ಕು ಜನರನ್ನು ಕರೆಯಬೇಕು. ಬೆನ್ನುಹುರಿಗೆ ಪೆಟ್ಟಾದವರಿಗೆ ಬೇರೆ ಅಪಾಯಗಳೂ ಇವೆ: ಹಿಡಿತ ತಪ್ಪಿ ಬಿದ್ದರೆ ಸ್ಪರ್ಶವಿಲ್ಲದ ಕಾಲಿನ ಮೂಳೆ ಮುರಿದದ್ದು ಕೂಡ ತಕ್ಷಣ ತಿಳಿಯುವುದಿಲ್ಲ. ಹುಡುಗರ ಒಳ್ಳೆಯತನವನ್ನು ನೀವು ತಿರಸ್ಕರಿಸುತ್ತಿಲ್ಲ. ಪ್ರತಿ ಸಲವೂ ಅದನ್ನೇ ನೆಚ್ಚಿಕೊಂಡು ಬದುಕಲಾರೆ ಎನ್ನುತ್ತಿದ್ದೀರಿ.

ಪಂಚಾಯಿತಿಗೆ ಮತ್ತೆ ಹೋಗುವಾಗ ಈ ಕೆಲವು ವಿಷಯಗಳು ಕೈಯಲ್ಲಿರಲಿ. ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ವಿಕಲಚೇತನರ ವಿಶೇಷ ಗ್ರಾಮಸಭೆ ನಡೆಸುವ ಪದ್ಧತಿಯೂ ಇದೆ. ಅಲ್ಲಿ ನಿಮ್ಮ ಬೇಡಿಕೆಯನ್ನು ಬರಹದಲ್ಲಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಬರೆಯುವುದರಿಂದ ಹಿಡಿದು ಅದು ಎಲ್ಲಿ ನಿಂತಿದೆ ಎಂದು ವಿಚಾರಿಸುವವರೆಗೆ ಅವರ ನೆರವು ಪಡೆಯಿರಿ. 2016ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಅಂಗವಿಕಲರಿಗೆ ಬಳಸುವಂತಾಗಬೇಕಿತ್ತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ, ಅಂದರೆ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿತು. ಆದರೂ ಪಂಚಾಯಿತಿ ಕದಲದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡುವ ದಾರಿ ಇದೆ.

ರ‍್ಯಾಂಪ್ ಮಂಜೂರಾದರೂ ಸಾಲದು, ಅದು ಸರಿಯಾಗಿರಬೇಕು. ಮೆಟ್ಟಿಲಿನ ಮೇಲೆ ಒಂದಿಷ್ಟು ಕಾಂಕ್ರೀಟ್ ಸುರಿದು ಜಾರುಬಂಡೆಯಂತೆ ಕಡಿದಾಗಿ ಮಾಡಿ, ಫೋಟೊ ತೆಗೆದು ಬಿಲ್ಲು ಮಾಡಿಸಿಕೊಂಡ ಎಷ್ಟೋ ಕಟ್ಟಡಗಳನ್ನು ನೋಡಿದ್ದೇನೆ. ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ. ನಿಮ್ಮ ಭವನದ ಒಂದೊಂದು ಮೆಟ್ಟಿಲು ಆರು ಅಂಗುಲವಿದ್ದರೆ ನಾಲ್ಕಕ್ಕೆ ಎರಡು ಅಡಿ ಎತ್ತರ, ಅದಕ್ಕೆ ಇಪ್ಪತ್ತನಾಲ್ಕು ಅಡಿ ಉದ್ದದ ಇಳಿಜಾರು ಬೇಕು. ಎದುರಿಗೆ ಅಷ್ಟು ಜಾಗವಿಲ್ಲದಿದ್ದರೆ ಗೋಡೆಯ ಪಕ್ಕದಲ್ಲಿ ತಿರುವು ಕೊಟ್ಟು ಮಾಡಬಹುದು, ಆದರೆ ತಿರುವಿನಲ್ಲಿ ಗಾಲಿಕುರ್ಚಿ ತಿರುಗುವಷ್ಟು, ಐದು ಅಡಿ ಉದ್ದಗಲದ ಸಮತಟ್ಟು ಜಾಗ ಬಿಡಬೇಕು. ಅಗಲ ನಾಲ್ಕು ಅಡಿಯಾದರೂ ಇರಲಿ, ಎರಡೂ ಬದಿ ಹಿಡಿಕೆ ಇರಲಿ. ನಿಮ್ಮ ಕಡೆಯ ಮಳೆಗೆ ನಯವಾದ ಗ್ರಾನೈಟ್ ಹಾಕಿದರೆ ಮೊದಲ ಮಳೆಗಾಲದಲ್ಲೇ ಪಾಚಿ ಕಟ್ಟುತ್ತದೆ. ಒರಟು ಕಾಂಕ್ರೀಟಿನಲ್ಲಿ ಅಡ್ಡಗೀರು ಎಳೆಸಿ, ಮೇಲೊಂದು ಶೀಟಿನ ಮಾಡು ಹಾಕಿಸಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು, ಇಲ್ಲವಾದರೆ ಒಳಗೆ ಹೋದ ಗಾಲಿಕುರ್ಚಿಯಿಂದಾಗಿ ಬಾಗಿಲು ಮುಚ್ಚಲು ಆಗುವುದಿಲ್ಲ.

‘ಒಬ್ಬರಿಗಾಗಿ’ ಎಂಬ ಮಾತಿಗೆ ಉತ್ತರ ಊರಿನಲ್ಲೇ ಇದೆ. ಮಂಡಿನೋವಿನ ಅಜ್ಜಿಯರು, ತುಂಬು ಬಸುರಿಯರು, ಪಾತ್ರೆ ಸಾಗಿಸುವ ಅಡುಗೆಯವರು ರ‍್ಯಾಂಪ್ ಆದ ಮರುದಿನದಿಂದಲೇ ಅದನ್ನು ಬಳಸುತ್ತಾರೆ.

ವೇದಿಕೆಯ ಮೂರು ಮೆಟ್ಟಿಲುಗಳನ್ನು ಮಾತ್ರ ಮರೆಯಲು ಬಿಡಬೇಡಿ. ಕಟ್ಟಡಗಳಲ್ಲಿ ರ‍್ಯಾಂಪ್ ಸಾಮಾನ್ಯವಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಅಂಗವಿಕಲರು ಬಂದರೆ ನೋಡಲು ಬರುತ್ತಾರೆಯೇ ಹೊರತು ನಡೆಸಿಕೊಡಲು ಬರುವುದಿಲ್ಲ ಎಂದು ಕಟ್ಟಿಸುವವರು ಭಾವಿಸಿರುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳೆಲ್ಲರೂ ಕುಳಿತೇ ಮಾತನಾಡುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತ ಕರ್ಣನಿಗೋ ಭೀಷ್ಮನಿಗೋ ಆ ಕಲೆಯಲ್ಲಿ ಯಾವ ಅಡ್ಡಿಯೂ ಇಲ್ಲ. ಭವನ ಸಿದ್ಧವಾಗುವವರೆಗೆ ಕಾಯುತ್ತ ಕೂರದೆ, ಯಾರದಾದರೂ ಮನೆಯ ಅಂಗಳದಲ್ಲಿ ಒಂದು ಪ್ರಸಂಗ ಇಟ್ಟುಕೊಳ್ಳುವಂತೆ ನಿಮ್ಮ ಹಳೆಯ ತಂಡದವರಿಗೆ ಇಂದೇ ಹೇಳಿಕಳುಹಿಸಿ. ಒಂಬತ್ತು ವರ್ಷ ನಿಂತ ಮಾತು ಮತ್ತೆ ಆರಂಭವಾಗಲು ರ‍್ಯಾಂಪಿನ ಟೆಂಡರ್ ಆಗಬೇಕಾಗಿಲ್ಲ.

ಪ್ರಶ್ನೆ: ನಮ್ಮ ತಂದೆಗೆ ಪಾರ್ಶ್ವವಾಯು ಆಗಿದೆ. ಕಳೆದ ಚುನಾವಣೆಯಲ್ಲಿ ಮನೆಗೇ ಬಂದು ಮತ ಹಾಕಿಸಿಕೊಂಡು ಹೋದರು. ನಮಗೆ ಅನುಕೂಲವಾಯಿತು, ಆದರೆ ತಂದೆಯವರು ಆ ದಿನವೆಲ್ಲ ಸಪ್ಪಗಿದ್ದರು. ಮುಂದಿನ ಸಲ ಮತಗಟ್ಟೆಗೇ ಹೋಗುತ್ತೇನೆ ಎನ್ನುತ್ತಾರೆ. — ತುಮಕೂರು

ಉತ್ತರ: ಕರೆದುಕೊಂಡು ಹೋಗಿ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿರುವವರಿಗೆ ಮನೆಯಿಂದ ಮತ ಹಾಕುವ ಅವಕಾಶ ನಮ್ಮ ರಾಜ್ಯದ ವಿಧಾನಸಭಾ ಚುನಾವಣೆಯಲ್ಲಿ ಮೊದಲು ದೊರೆತದ್ದು 2023ರಲ್ಲಿ. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ಆದರೆ ಅದು 12ಡಿ ನಮೂನೆಯಲ್ಲಿ ಕೇಳಿದವರಿಗೆ ಮಾತ್ರ ಸಿಗುವ ಆಯ್ಕೆ, ಕಟ್ಟಳೆಯಲ್ಲ. ಮುಂದಿನ ಸಲ ಆ ನಮೂನೆ ತುಂಬಬೇಡಿ. ಮತಗಟ್ಟೆಗಳು ಅಂಗವಿಕಲರಿಗೆ ಬಳಸುವಂತಿರಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಗಾಲಿಕುರ್ಚಿ ಬೇಕೆಂದು ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲಿ ಮೊದಲೇ ತಿಳಿಸಬಹುದು, ಇಲ್ಲವೇ ನಿಮ್ಮ ಮತಗಟ್ಟೆ ಅಧಿಕಾರಿಗೆ ಹೇಳಿಡಬಹುದು. ಮತ ಹಾಕುವ ದಿನ ಶಾಲೆಯ ಅಂಗಳದಲ್ಲಿ ನಾಲ್ಕು ಜನ ಹಳಬರನ್ನು ಕಂಡು, ಕ್ಷೇಮಸಮಾಚಾರ ಮಾತನಾಡಿಕೊಂಡು ಬರುವುದು ಅವರಿಗೆ ಮತದಷ್ಟೇ ಮುಖ್ಯವಾದದ್ದು. ಆತುರಪಡಿಸದೆ ಅಲ್ಲಿ ಸ್ವಲ್ಪ ಹೊತ್ತು ಕೂರಲು ಬಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಾವು ಚಿಕ್ಕವರಿದ್ದಾಗ ಗದಗಿನ ಪುಣ್ಯಾಶ್ರಮದ ಅಂಧ ಗವಾಯಿಗಳು ಬಂದರೆ ಊರಿಗೆ ಊರೇ ಎದ್ದು ನಿಂತು ಕೈಮುಗಿಯುತ್ತಿತ್ತು. ಆಗ ಯಾವ ಕಾಯ್ದೆ ಇತ್ತು? ಕಾಯ್ದೆಯಿಂದ ಗೌರವ ಬರುವುದಿಲ್ಲ, ಸಾಧನೆಯಿಂದ ಬರುತ್ತದೆ ಎಂದು ನನ್ನ ಅನಿಸಿಕೆ. — ಹಾವೇರಿ ಜಿಲ್ಲೆ

ಉತ್ತರ: ಪುಣ್ಯಾಶ್ರಮದ ಬಗ್ಗೆ ನಿಮಗಿರುವ ಗೌರವವೇ ನನಗೂ ಇದೆ. ನಿಮ್ಮದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ, ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತು, ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನ, ವಸತಿಯೊಂದಿಗೆ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಪುಣ್ಯಾಶ್ರಮವನ್ನು 2010ರವರೆಗೆ, ತಮ್ಮ ಕೊನೆಯುಸಿರಿನ ತನಕ ನಡೆಸಿದರು. ಅವರಿಗೆ ಪದ್ಮಭೂಷಣ ಬಂದದ್ದೂ ಅದೇ ವರ್ಷ. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಬೇರೊಂದು ಸಂಗತಿ. ಪಂಚಾಕ್ಷರಿ ಗವಾಯಿಗಳ ಬಳಿ ಕಲಿತವರಲ್ಲಿ ಬಸವರಾಜ ರಾಜಗುರು ಅವರಂಥ ಕಣ್ಣಿದ್ದವರೂ ಇದ್ದರು. ಕಣ್ಣಿಲ್ಲದ ಗುರುವಿನ ಮನೆಬಾಗಿಲಿಗೆ ಕಣ್ಣಿರುವ ಶಿಷ್ಯ ವಿದ್ಯೆ ಬೇಡಿ ಬಂದ. ಅಲ್ಲಿ ಯಾರು ಯಾರನ್ನು ಸೇರಿಸಿಕೊಂಡರು ಎಂದು ಕೇಳಿದರೆ ಉತ್ತರ ಇಂದಿನ ನಮ್ಮ ಎಣಿಕೆಗಿಂತ ತಿರುಗುಮುರುಗಾಗಿದೆ.

ಆದರೆ ನಿಮ್ಮ ಕೊನೆಯ ಮಾತನ್ನು ನಾನು ಒಪ್ಪಲಾರೆ. ಗವಾಯಿಗಳಿಗೆ ಎದ್ದು ನಿಂತ ಅದೇ ಊರಿನಲ್ಲಿ ಕಣ್ಣು ಕಾಣದ ಇನ್ನೊಂದು ಮಗು ಇದ್ದಿರಬಹುದು, ಅದಕ್ಕೆ ಕಂಠವೂ ಇರಲಿಲ್ಲ, ತಾಳವೂ ಒಲಿಯಲಿಲ್ಲ. ಅದನ್ನು ಊರಿನ ಶಾಲೆ ಸೇರಿಸಿಕೊಂಡಿತೇ, ಪಂಕ್ತಿಯಲ್ಲಿ ಯಾರಾದರೂ ಪಕ್ಕಕ್ಕೆ ಕೂರಿಸಿಕೊಂಡರೇ? ಶಿಕ್ಷಕರಾಗಿದ್ದ ನೀವೇ ನೆನಪಿಸಿಕೊಂಡು ಹೇಳಿ. ಸಾಧಾರಣ ಬುದ್ಧಿಯ, ಸಾಧಾರಣ ಕೈಕೆಲಸದ ಲಕ್ಷಾಂತರ ಜನರನ್ನು ಅವರ ಊರು ಯಾವ ಸಾಧನೆಯನ್ನೂ ಕೇಳದೆ ತನ್ನವರೆಂದು ಒಪ್ಪಿಕೊಂಡಿದೆ. ಅಂಗವೈಕಲ್ಯವಿರುವವರಿಂದ ಮಾತ್ರ ಮೊದಲು ಏನನ್ನಾದರೂ ಮಾಡಿ ತೋರಿಸುವಂತೆ ಕೇಳುತ್ತೇವೆ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷವನ್ನು ದಾಟಿತ್ತು. ಅವರೆಲ್ಲರೂ ಗವಾಯಿಗಳಾಗಬೇಕಿಲ್ಲ. ಹಾಸನ ಜಿಲ್ಲೆಯ ಗಿರೀಶ ನಾಗರಾಜೇಗೌಡರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಜಿಗಿಯಲಾರದವನಿಗೂ ಬಸ್ಸಿನಲ್ಲಿ ಆಸನ, ಶಾಲೆಯಲ್ಲಿ ಬೆಂಚು, ಸಭೆಯಲ್ಲಿ ಮಾತಾಡುವ ಸರದಿ ಸಿಗಬೇಕಾದರೆ ಕಾಯ್ದೆ ಬೇಕೇ ಬೇಕು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿತ್ತು, 2016ರದ್ದು ಇಪ್ಪತ್ತೊಂದನ್ನು ಗುರುತಿಸಿದೆ. ಅದರ 5ನೇ ಸೆಕ್ಷನ್, ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ ಎಂದು ಹೇಳುತ್ತದೆ. ಅದರಲ್ಲಿ ಅರ್ಹತೆಯ ಪಟ್ಟಿಯೇನೂ ಇಲ್ಲ.

ಪ್ರಶ್ನೆ: ನಮ್ಮ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಈಗ ಹದಿನಾಲ್ಕು ವರ್ಷ. ಕಿವುಡ ಮಕ್ಕಳ ವಸತಿ ಶಾಲೆಯಲ್ಲಿದ್ದಾಳೆ. ಅಲ್ಲಿ ಗೆಳತಿಯರೊಂದಿಗೆ ಕೈಸನ್ನೆಯಲ್ಲಿ ನಗುನಗುತ್ತ ಮಾತನಾಡುತ್ತಾಳೆ. ರಜೆಗೆ ಮನೆಗೆ ಬಂದರೆ ಮೊಬೈಲ್ ಹಿಡಿದು ಮೂಲೆ ಸೇರುತ್ತಾಳೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆದುಕೊಂಡು ಹೋದರೂ ಅಷ್ಟೇ. ನಾವು ಕೈಸನ್ನೆ ಕಲಿತರೆ ಅವಳು ಬಾಯಿಮಾತು ಕಲಿಯುವುದನ್ನೇ ಬಿಡುತ್ತಾಳೆ ಎಂದು ಹಿರಿಯರು ಹೇಳುತ್ತಾರೆ. — ವಿಜಯಪುರ ಜಿಲ್ಲೆಯ ಒಬ್ಬ ತಂದೆ

ಉತ್ತರ: ಎಳ್ಳ ಅಮಾವಾಸ್ಯೆಯ ಊಟವನ್ನೇ ನೋಡೋಣ. ಚರಗ ಚೆಲ್ಲಿ ಬಂದು ಎಲ್ಲರೂ ಬನ್ನಿ ಗಿಡದ ಕೆಳಗೆ ಕೂರುತ್ತೀರಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕೈಯಿಂದ ಕೈಗೆ ಹೋಗುತ್ತವೆ, ಯಾರೋ ಏನೋ ಹೇಳುತ್ತಾರೆ, ಹತ್ತು ಜನ ಒಟ್ಟಿಗೆ ನಗುತ್ತಾರೆ. ನಿಮ್ಮ ಮಗಳು ಪಕ್ಕದವರ ಮೊಣಕೈ ಮುಟ್ಟಿ ಏನೆಂದು ಕೇಳುತ್ತಾಳೆ. ‘ಏನಿಲ್ಲ, ಆಮೇಲೆ ಹೇಳತೀನಿ’ ಎಂಬ ಉತ್ತರ ಬರುತ್ತದೆ, ಆ ಆಮೇಲೆ ಎಂಬುದು ಬರುವುದೇ ಇಲ್ಲ. ಕಿವಿ ಕೇಳದ ಮಕ್ಕಳು ಮತ್ತು ದೊಡ್ಡವರು ನನ್ನೊಡನೆ ಹೇಳಿಕೊಂಡಿರುವ ನೋವುಗಳಲ್ಲಿ ಇದರಷ್ಟು ಮತ್ತೆ ಮತ್ತೆ ಬಂದದ್ದು ಇನ್ನೊಂದಿಲ್ಲ. ವರ್ಷಗಟ್ಟಲೆ ಇದೇ ಉತ್ತರ ಪಡೆದ ಹುಡುಗಿ ಮೊಬೈಲ್ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ, ಅದರಲ್ಲಿ ಅವಳ ಗೆಳತಿಯರು ವಿಡಿಯೊದಲ್ಲಿ ಅವಳ ಭಾಷೆಯಲ್ಲೇ ಮಾತನಾಡುತ್ತಾರೆ.

ಕೈಸನ್ನೆ ಕಲಿತರೆ ಮಾತು ಬಾರದೆ ಹೋಗುತ್ತದೆ ಎಂಬ ನಂಬಿಕೆ ಹಳೆಯದು, ತಪ್ಪು. ಯಾವುದಾದರೊಂದು ಭಾಷೆ ಗಟ್ಟಿಯಾಗಿ ದಕ್ಕಿದ ಮಗುವಿಗೆ ಓದು, ಬರಹ, ಇನ್ನೊಂದು ಭಾಷೆ ಎಲ್ಲವೂ ಸುಲಭವಾಗುತ್ತವೆ. ಭಾರತೀಯ ಸಂಜ್ಞಾ ಭಾಷೆ ನಮ್ಮ ಕನ್ನಡಕ್ಕೆ ಕೈಯಾಡಿಸಿದ ರೂಪವಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಉದಾಹರಣೆಗೆ ಏನು, ಎಲ್ಲಿ, ಯಾರು ಎಂಬ ಪ್ರಶ್ನಾಪದಗಳು ಅದರಲ್ಲಿ ವಾಕ್ಯದ ಕೊನೆಗೆ ಬರುತ್ತವೆ. ದೆಹಲಿಯಲ್ಲಿರುವ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೊ ನಿಘಂಟನ್ನು ಸಿದ್ಧಪಡಿಸಿದ್ದು, ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 2021ರಿಂದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಪ್ರೌಢಶಾಲಾ ಹಂತಕ್ಕೆ ಇದು ಒಂದು ಭಾಷಾ ವಿಷಯವೂ ಆಗಿದೆ. ಶ್ರವಣ ಸಾಧನ, ವಾಕ್ ತರಬೇತಿಯ ಬಗ್ಗೆ ಸಂದೇಹಗಳಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೇಳಿ. ಆ ಪ್ರಯತ್ನವೂ ಸನ್ನೆಯೂ ಜೊತೆಜೊತೆಗೆ ಸಾಗಬಲ್ಲವು.

ನಿಘಂಟಿಗಿಂತ ಒಳ್ಳೆಯ ಗುರು ನಿಮ್ಮ ಮನೆಯಲ್ಲೇ ಇದ್ದಾಳೆ. ಈ ರಜೆಯಲ್ಲಿ ಅವಳೇ ಕಲಿಸಲಿ, ನೀವೆಲ್ಲ ಕಲಿಯಿರಿ. ಊಟ, ನೀರು ಎಂಬ ಪದಗಳಿಗೆ ನಿಲ್ಲಬೇಡಿ, ಅಷ್ಟನ್ನು ಹೇಗೋ ತಿಳಿಸುತ್ತೀರಿ. ಜಗಳ, ತಮಾಷೆ, ಬೇಸರ, ಮಳೆ ಯಾವಾಗ, ಅತ್ತೆ ಏನಂದರು ಎಂಬಂಥ ಮಾತುಗಳನ್ನು ಕಲಿಯಿರಿ. ಅವಳ ಅಜ್ಜಿಗೆ ನಾಲ್ಕು ಸನ್ನೆ ಬಂದರೂ ಮನೆಯ ಗಾಳಿ ಬದಲಾಗುತ್ತದೆ. ಊಟಕ್ಕೆ ಕೂರುವಾಗ ಎಲ್ಲರ ಮುಖವೂ ಕಾಣುವಂತೆ ಸುತ್ತಾಗಿ ಬೆಳಕಿರುವಲ್ಲಿ ಕುಳಿತು, ಒಬ್ಬರಾದ ಮೇಲೆ ಒಬ್ಬರು ಮಾತನಾಡಿ. ನಗು ಎದ್ದಾಗ ಕಾರಣವನ್ನು ಅವಳಿಗೆ ಆಗಲೇ ಹೇಳಿ, ಹೇಳುವುದರೊಳಗೆ ರೊಟ್ಟಿ ಆರಿದರೂ ಚಿಂತೆಯಿಲ್ಲ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ನೆರೆಮನೆಯ ಅಂಧ ಮಹಿಳೆಯೊಬ್ಬರು ಸೇರಬೇಕೆಂದಿದ್ದಾರೆ. ಲೆಕ್ಕ ನೋಡಲಾಗದು, ನಾಳೆ ಹಣದ ಮಾತು ಬಂದರೆ ತೊಂದರೆ, ಅಂಗವಿಕಲರದೇ ಬೇರೆ ಸಂಘ ಇದೆಯಲ್ಲ ಎಂದು ಕೆಲವು ಸದಸ್ಯೆಯರು ಹೇಳುತ್ತಿದ್ದಾರೆ. — ಕೋಲಾರ ಜಿಲ್ಲೆ

ಉತ್ತರ: ಸೇರಿಸಿಕೊಳ್ಳಿ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ಅಂಗವಿಕಲರು ಐದು ಜನರಿದ್ದರೂ ತಮ್ಮದೇ ಸಂಘ ಕಟ್ಟಿಕೊಳ್ಳಬಹುದು ಎಂಬುದು ನಿಜ, ಹಲವು ಕಡೆ ಅದರಿಂದ ಒಳ್ಳೆಯದೂ ಆಗಿದೆ. ಆದರೆ ಅವರು ಕೇಳಿರುವುದು ನೆರೆಮನೆಯವರ ಸಂಘವನ್ನು. ಎಲ್ಲಿ ಸೇರಬೇಕೆಂಬುದು ಅವರ ಆಯ್ಕೆ. ಲೆಕ್ಕದ ಅಂಜಿಕೆಗೆ ಪರಿಹಾರ ಸರಳ: ಪ್ರತಿ ಸಭೆಯಲ್ಲೂ ಉಳಿತಾಯ, ಸಾಲ, ಬಡ್ಡಿಯ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿ. ಅಕ್ಷರ ಬಾರದ ಸದಸ್ಯೆಯರಿಗೂ ಅದು ಬೇಕಾಗಿದ್ದದ್ದೇ. ಅಂಧರಿಗೆ ಖಾತೆ, ಚೆಕ್ ಪುಸ್ತಕ, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ, ಆದ್ದರಿಂದ ಬ್ಯಾಂಕಿನಲ್ಲಿ ಯಾರಾದರೂ ತಕರಾರು ತೆಗೆದರೆ ವ್ಯವಸ್ಥಾಪಕರನ್ನು ಕಂಡು ಅದನ್ನು ಹೇಳಿ. ಮೊದಲ ಸಭೆಗೆ ಬಂದಾಗ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ಮಾತು ಆರಂಭಿಸಿ, ಯಾರು ಎಲ್ಲಿ ಕುಳಿತಿದ್ದಾರೆಂದು ಅವರಿಗೆ ತಿಳಿಯಲಿ. ಪ್ರತಿನಿಧಿಯ ಸರದಿ ಬಂದಾಗ ಅವರ ಹೆಸರನ್ನು ದಾಟಿ ಮುಂದೆ ಹೋಗಬೇಡಿ.